ಕಂಪಿಲರಾಯನ ಮನೆತನದವರೆಲ್ಲರೂ ಮಡಿದರೆ?

ಗಂಗಾವತಿಯ ಸೀಮೆಯಲ್ಲಿರುವ ಕುಮ್ಮಟದುರ್ಗದ ಬೆಟ್ಟವನ್ನೇರಿದವರಿಗೆ ಬಂಡೆಗಳ ನಡುವೆ ಹಳೆಯ ಕೋಟೆಯ ಗೋಡೆಗಳು ಕಾಣಿಸುತ್ತವೆ. ವಿಜಯನಗರವು ಹುಟ್ಟುವುದಕ್ಕೆ ಮುನ್ನ ಈ ನಾಡನ್ನಾಳಿದ ಕಂಪಿಲರಾಯನಿಗೂ ಅವನ ಮಗ ಕುಮಾರರಾಮನಿಗೂ ಇದು ನೆಲೆಯಾಗಿದ್ದಿತು. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲನು ಆಶ್ರಯವಿತ್ತನು. ಅದರ ಫಲವಾಗಿ 1327ರ ಸುಮಾರಿಗೆ ಅವನ ರಾಜ್ಯವೇ ಅಳಿಯಿತು. ಆಗ ಆ ಅರಸುಮನೆತನದವರ ಗತಿ ಏನಾಯಿತು? ಎಲ್ಲರೂ ಮಡಿದರೆ?

ಭೌತಶಾಸ್ತ್ರದ ಅಧ್ಯಾಪಕರಿಗೆ ಈ ಪ್ರಶ್ನೆಯ ಗೊಡವೆ ಏಕೆಂದು ಓದುಗರು ಕೇಳಬಹುದು. ಪ್ರಯೋಗಶಾಲೆಯಲ್ಲಿ ನಾವು ನಿತ್ಯವೂ ಮಾಡುವ ಪರೀಕ್ಷೆಯೇ ಇಲ್ಲಿಯೂ ಬೇಕಾಗುತ್ತದೆ. ಲೋಲಕದ ಆಂದೋಲನ ಕಾಲವನ್ನು ಒಬ್ಬ ವಿದ್ಯಾರ್ಥಿಯು ಅಳೆದು, ಉಳಿದ ಒಂಬತ್ತು ಮಂದಿ ಅವನ ಪುಸ್ತಕವನ್ನು ನೋಡಿ ನಕಲು ಮಾಡಿಕೊಂಡರೆ ನಮಗೆ ದೊರೆಯುವುದು ಹತ್ತು ಅಳತೆಗಳಲ್ಲ, ಒಂದೇ ಅಳತೆ. ಅಳೆದವನಾರು, ತಾನೇ ನೋಡಿದನೆ, ಎಷ್ಟು ಹೊತ್ತಿನ ಮೇಲೆ ಬರೆದಿಟ್ಟನು? ಇವೇ ಮೂರು ಪ್ರಶ್ನೆಗಳನ್ನು ಇತಿಹಾಸದ ಆಧಾರಗಳಿಗೂ ಹಾಕೋಣ.

ಮೊದಲನೆಯದು ಶಿಲೆ. ಹಂಪೆಯ ಹೇಮಕೂಟದಲ್ಲಿ ಕಂಪಿಲನೇ ಕಟ್ಟಿಸಿದ ಗುಡಿಯೊಂದರ ಶಾಸನವು ಅವನು ಮುಮ್ಮಡಿ ಸಿಂಗೆಯ ನಾಯಕನ ಮಗನೆಂದು ತಿಳಿಸುತ್ತದೆ. ಇದು ಅವನ ಕಾಲದ್ದೇ ಆದ ಸಾಕ್ಷ್ಯ, ನಂಬಿಕೆಗೆ ಅರ್ಹ. ಆದರೆ ಅವನು ಬದುಕಿದ್ದಾಗ ಕೆತ್ತಿಸಿದ ಕಲ್ಲು ಅವನ ಸಾವನ್ನು ಹೇಗೆ ತಾನೇ ಹೇಳೀತು? ಒಂದು ಪ್ರಶ್ನೆಗೆ ಉತ್ತಮವಾದ ಉಪಕರಣವು ಮತ್ತೊಂದಕ್ಕೆ ನಿರುಪಯೋಗಿಯಾಗಬಹುದು.

ಎರಡನೆಯದು ಕುಮಾರರಾಮನ ಕಾವ್ಯಗಳು. 16ನೆಯ ಶತಮಾನದ ನಂಜುಂಡ ಕವಿಯೂ ಅವನ ಅನಂತರದವರೂ ಜನಪದ ಹಾಡುಗಾರರೂ ರಾಮನ ಶೌರ್ಯವನ್ನು ಮನಮುಟ್ಟುವಂತೆ ಹಾಡಿದ್ದಾರೆ. ಜನರು ಅವನನ್ನು ಎಷ್ಟು ಪ್ರೀತಿಸಿದರೆಂಬುದಕ್ಕೆ ಇವು ಬಲವಾದ ಸಾಕ್ಷ್ಯ. ಆದರೆ ಘಟನೆಗೂ ನಂಜುಂಡನಿಗೂ ಸುಮಾರು 200 ವರ್ಷಗಳ ಅಂತರವುಂಟು.

ಮೂರನೆಯವನು ಪೋರ್ಚುಗೀಸ್ ವರ್ತಕ ನೂನಿಜ್. 1535ರ ಸುಮಾರಿಗೆ ಬರೆದ ಇವನು ಇದನ್ನು ಆನೆಗೊಂದಿಯ ಅರಸನ ಕಥೆಯಾಗಿ ಹೇಳುತ್ತಾನೆ. ಅರಸನು ತನ್ನ ಹೆಂಡಿರನ್ನೂ ಎಳೆಯ ಮಕ್ಕಳನ್ನೂ ತಾನೇ ಕೊಂದು ಕದನಕ್ಕೆ ಹೊರಟನೆಂದೂ ಕೊನೆಗೆ ಆರು ಮಂದಿ ಮುದುಕರು ಮಾತ್ರ ಉಳಿದರೆಂದೂ ಇವನ ವರದಿ. ಆದರೆ ಇವನು ಕೊಟ್ಟಿರುವ ವರ್ಷ 1230! ಕಾಲದಲ್ಲಿಯೇ ಸುಮಾರು ನೂರು ವರ್ಷ ತಪ್ಪಿದವನ ಲೆಕ್ಕಗಳನ್ನು ಎಚ್ಚರದಿಂದ ನೋಡಬೇಕಾಗುತ್ತದೆ.

ನಾಲ್ಕನೆಯವನು ಪ್ರವಾಸಿ ಇಬ್ನ್ ಬತೂತ. ರಾಣಿಯರೂ ರಾಜಪುತ್ರಿಯರೂ ಮಿಂದು, ಗಂಧ ಲೇಪಿಸಿಕೊಂಡು, ಅರಸನಿಗೆ ನಮಿಸಿ ಬೆಂಕಿಯನ್ನು ಹೊಕ್ಕರೆಂದೂ ಆಮೇಲೆ ಅರಸನು ಹೋರಾಡಿ ಮಡಿದನೆಂದೂ ಅವನು ಬರೆದಿದ್ದಾನೆ. ಅವನು ಭಾರತಕ್ಕೆ ಬಂದದ್ದು 1333ರಲ್ಲಿ. ಆದುದರಿಂದ ಇದು ಕಂಡದ್ದಲ್ಲ, ಕೇಳಿದ್ದು. ಅವನ ಗ್ರಂಥವೂ ಮೊರಾಕೊ ದೇಶದಲ್ಲಿ ನೆನಪಿನಿಂದ ಹೇಳಿ ಬರೆಸಿದ್ದು, ಮುಗಿದದ್ದು 1355ರಲ್ಲಿ.

ಆದರೆ ಅದೇ ಗ್ರಂಥದಲ್ಲಿ ಮತ್ತೊಂದು ಬಗೆಯ ಮಾತುಂಟು. ಸೆರೆಸಿಕ್ಕ ಅರಸನ ಹನ್ನೊಂದು ಮಂದಿ ಮಕ್ಕಳು ಇಸ್ಲಾಂ ಮತಕ್ಕೆ ಸೇರಿದರು, ಸುಲ್ತಾನನು ಅವರಿಗೆ ಪದವಿಗಳನ್ನಿತ್ತನು ಎಂದು ಹೇಳಿ, ಅವರಲ್ಲಿ ಮೂವರನ್ನು ತಾನೇ ಕಂಡುದಾಗಿ ಬರೆಯುತ್ತಾನೆ: ನಸ್ರ್, ಬಖ್ತಿಯಾರ್, ಮತ್ತು ಸುಲ್ತಾನನ ಕುಡಿಯುವ ನೀರಿಗೆ ಮುದ್ರೆ ಹಾಕುವ ಅಧಿಕಾರಿಯಾದ ಅಬೂ ಮುಸ್ಲಿಂ. ಈ ಕೊನೆಯವನು ತನ್ನ ಗೆಳೆಯನಾಗಿದ್ದನೆಂದೂ ಹೇಳುತ್ತಾನೆ. ಹನ್ನೊಂದು ಎಂಬುದು ಕೇಳಿದ ಸಂಖ್ಯೆ. ಮೂರು ಎಂಬುದು ಕಂಡ ಸಂಖ್ಯೆ. ಒಂದೇ ಪುಸ್ತಕದಲ್ಲಿಯೂ ಎಲ್ಲ ವಾಕ್ಯಗಳಿಗೆ ಒಂದೇ ತೂಕವಿಲ್ಲ.

ಹೀಗೆ ತೂಗಿದಾಗ ನಮ್ಮ ನಿರ್ಣಯವಿಷ್ಟು. ನೂನಿಜನು ಅರಬ್ಬೀ ಗ್ರಂಥವನ್ನು ನೋಡಿದ್ದನೆನ್ನಲು ಕಾರಣವಿಲ್ಲ. ಆದರೂ ಕೊನೆಯ ಕದನಕ್ಕೆ ಮುನ್ನವೇ ಅಂತಃಪುರದವರು ಪ್ರಾಣ ನೀಗಿದರೆಂಬಲ್ಲಿ ಇಬ್ಬರೂ ಒಂದಾಗುತ್ತಾರೆ. ಅದನ್ನು ನಂಬಬಹುದು. ಬೆಂಕಿಯೋ ಕತ್ತಿಯೋ ಎಂಬಲ್ಲಿ ಘಟನೆಗೆ ಹತ್ತಿರದವನಾದ ಬತೂತನ ಮಾತಿಗೆ ಹೆಚ್ಚು ಬೆಲೆ, ಪೂರ್ಣ ನಿಶ್ಚಯವಿಲ್ಲ. ಮನೆತನವೆಲ್ಲ ಅಳಿಯಿತೆಂಬುದು ಮಾತ್ರ ನಿಲ್ಲಲಾರದು.

ಇದರಿಂದ ಕುಮಾರರಾಮನ ಕೀರ್ತಿಗೆ ಕುಂದೇನೂ ಇಲ್ಲ. ಬತೂತನು ಅವನ ಹೆಸರನ್ನು ಹೇಳಿಲ್ಲವೆಂಬ ಮಾತ್ರಕ್ಕೆ ಅವನಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಆದರೆ ಮಡಿದವರನ್ನು ಹಾಡುವ ಭರದಲ್ಲಿ, ಹುಟ್ಟಿದ ಹೆಸರನ್ನೂ ನಾಡನ್ನೂ ಕಳೆದುಕೊಂಡು ದೂರದ ದೆಹಲಿಯಲ್ಲಿ ಬದುಕಿದ ಆ ಮೂವರನ್ನು ನಾವು ಮರೆತೆವು. ಆಧಾರಗಳನ್ನು ತೂಗಿ ನೋಡಿದುದರಿಂದ ಅವರು ಮತ್ತೆ ನಮ್ಮ ನೆನಪಿಗೆ ಬಂದರು.