ಅಕ್ಕಲಕೋಟೆಯ ಅಲಗು, ಕ್ಯಾಮೆರಾದ ಕಣ್ಣು

ಅಕ್ಕಲಕೋಟೆಗೆ ಬರುವವರಲ್ಲಿ ಹೆಚ್ಚಿನವರು ಸ್ವಾಮಿ ಸಮರ್ಥರ ದರ್ಶನಕ್ಕೆಂದೇ ಬಂದವರು. ವಟವೃಕ್ಷ ಮಂದಿರದ ಸಾಲಿನಲ್ಲಿ ನಿಂತು ಕೈಮುಗಿದು, ಅನ್ನಛತ್ರದಲ್ಲಿ ಪ್ರಸಾದ ಉಂಡು, ಸಂಜೆಯ ಬಸ್ಸಿಗೆ ಸೊಲ್ಲಾಪುರಕ್ಕೋ ಕಲಬುರಗಿಗೋ ಹೊರಟುಬಿಡುತ್ತಾರೆ. ಅದೇ ಊರಿನ ಅರಮನೆಯಲ್ಲಿ ಭೋಸಲೆ ರಾಜಮನೆತನದ ಶಸ್ತ್ರಾಗಾರವಿದೆ. ದಖ್ಖನ್ನಿನ ಇತಿಹಾಸದಲ್ಲಿ ಆಸಕ್ತಿಯುಳ್ಳವರು, ಅದರಲ್ಲೂ ಕ್ಯಾಮೆರಾ ಹಿಡಿದು ತಿರುಗುವವರು, ಅರ್ಧ ದಿನವನ್ನಾದರೂ ಅದಕ್ಕೆ ಮೀಸಲಿಡಬೇಕು. ಸೊಲ್ಲಾಪುರದಿಂದ ಸುಮಾರು ನಲವತ್ತು ಕಿಲೋಮೀಟರ್ ದಾರಿ. ಊರಲ್ಲಿ ಮರಾಠಿಯಷ್ಟೇ ಸಲೀಸಾಗಿ ಕನ್ನಡವೂ ನಡೆಯುತ್ತದೆ. 'ನೋಡ್ಬೇಕಾಗಿತ್ರಿ' ಎಂದು ಕನ್ನಡದಲ್ಲೇ ಕೇಳಿದರೆ 'ಬರ್ರಿ' ಎಂಬ ಉತ್ತರ ಬೇಗ ಸಿಗುತ್ತದೆ.

ಈ ಸಂಸ್ಥಾನ ಹುಟ್ಟಿದ್ದೇ ಒಂದು ಕಾಳಗದ ಬೆನ್ನಿಗೆ. ಔರಂಗಜೇಬ ತೀರಿಕೊಂಡ ಮೇಲೆ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಸಾತಾರೆಯತ್ತ ಬರುತ್ತಿದ್ದ ಶಾಹು ಮಹಾರಾಜರನ್ನು ದಾರಿಯಲ್ಲಿ ಪಾರದ ಎಂಬ ಊರಿನ ಪಾಟೀಲ ಎದುರಿಸಿ ಸತ್ತ. ಅವನ ವಿಧವೆ ತನ್ನ ಮಗುವನ್ನು ತಂದು ಶಾಹುವಿನ ಪಾದಕ್ಕೆ ಹಾಕಿದಳು. ಶಾಹು ಆ ಲೋಖಂಡೆ ಮನೆತನದ ಹುಡುಗನನ್ನು ಮಗನಂತೆ ಸಾಕಿ, ಗೆಲುವಿನ ನೆನಪಿಗೆ ಫತೇಸಿಂಹನೆಂದು ಹೆಸರಿಟ್ಟು, ಭೋಸಲೆ ಮನೆತನಕ್ಕೆ ಸೇರಿಸಿಕೊಂಡು, ಮುಂದೆ ಅಕ್ಕಲಕೋಟೆಯ ಸೀಮೆಯನ್ನು ಉಂಬಳಿ ಕೊಟ್ಟರು. ಇದೇ ಫತೇಸಿಂಹ 1725ರಿಂದ 1727ರವರೆಗೆ ನಡೆದ ಕರ್ನಾಟಕದ ದಂಡಯಾತ್ರೆಗಳಲ್ಲಿ ಪೇಶ್ವೆ ಬಾಜಿರಾಯನ ಜೊತೆಗಿದ್ದ. ಚಿತ್ರದುರ್ಗ, ಶ್ರೀರಂಗಪಟ್ಟಣದವರೆಗೂ ಆ ದಂಡು ಹೋಗಿತ್ತು. 1741ರಲ್ಲಿ ನಾಗಪುರದ ರಘೂಜಿ ಭೋಸಲೆಯೊಡನೆ ತಿರುಚಿರಾಪಳ್ಳಿಯನ್ನು ಹಿಡಿದದ್ದೂ ಇವನೇ. 498 ಚದರ ಮೈಲಿಯ ಸಣ್ಣ ಸಂಸ್ಥಾನದ ಸಂಸ್ಥಾಪಕ ಅಷ್ಟು ದೂರ ಕುದುರೆ ಓಡಿಸಿದ್ದ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಒಳಗೆ ಹೋದರೆ, ಇಂಥ ಮನೆತನದಲ್ಲಿ ಇಂಥ ಆಯುಧಗಳೇಕೆ ಎಂಬ ಪ್ರಶ್ನೆ ಏಳುವುದಿಲ್ಲ.

ಏಳಬೇಕಾದ ಪ್ರಶ್ನೆ ಬೇರೆಯದು. ಇವು ಉಳಿದದ್ದು ಹೇಗೆ? ಸೊಲ್ಲಾಪುರದ ಭುಯಿಕೋಟೆಯನ್ನೇ ನೋಡಿ. ಆ ಕೋಟೆಗಾಗಿ ಆದಿಲಶಾಹಿಗಳೂ ನಿಜಾಮಶಾಹಿಗಳೂ ದಶಕಗಳ ಕಾಲ ಬಡಿದಾಡಿದರು. ಮದುವೆಯ ಬಳುವಳಿಯಾಗಿ ಕೊಡುತ್ತೇವೆಂದು ಹೇಳಿ ಒಮ್ಮೆ ಕೊಡಲಿಲ್ಲ, ಕೊನೆಗೆ ಚಾಂದ್ ಬೀಬಿಯ ಜೊತೆ ಬಳುವಳಿಯಾಗಿಯೇ ಅದು ವಿಜಯಪುರಕ್ಕೆ ಬಂತು. 1818ರ ಮೇ ತಿಂಗಳಲ್ಲಿ ಧಾರವಾಡದ ಕಡೆಯಿಂದ ಬಂದ ಥಾಮಸ್ ಮನ್ರೊ ಅದನ್ನು ಪೇಶ್ವೆಯ ದಂಡಿನಿಂದ ಕಿತ್ತುಕೊಂಡ. ಇಷ್ಟೆಲ್ಲ ಯುದ್ಧ ಕಂಡ ಕೋಟೆಯೊಳಗೆ ಇಂದು ಕೆರೆಯ ಗಾಳಿಗೆ ಬಂದ ಜನ ಅಡ್ಡಾಡುತ್ತಾರೆ, ಆ ಕಾಲದ ಕತ್ತಿ ಗುರಾಣಿ ಹುಡುಕಿದರೆ ಸಿಗುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಹಿಡಿತಕ್ಕೆ ಬಂದ ಸೀಮೆಗಳ ಹಣೆಬರಹವೇ ಅದಾಗಿತ್ತು. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಆಜ್ಞೆ ಹೊರಟಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪದೆ ಸತ್ತರು. ಅವರ ಮೇಲಿನ ಲಾವಣಿ ನಮ್ಮಲ್ಲಿ ಇನ್ನೂ ಹಾಡಿಕೆಯಲ್ಲಿದೆ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಸಾಮಾನ್ಯರ ಮನೆಗಳಲ್ಲಿ ಉಳಿದಿದ್ದವೂ ಹೋದವು. ಕಮ್ಮಾರರ ಕುಲುಮೆಗೆ ಬಿದ್ದು ಕುಡುಗೋಲಾದ ಕತ್ತಿಗಳಿಗೆ ಲೆಕ್ಕವಿಟ್ಟವರಿಲ್ಲ. ಸಂಸ್ಥಾನಿಕರ ಅರಮನೆಗಳಿಗೆ ಮಾತ್ರ ಈ ಬಿಸಿ ತಟ್ಟಲಿಲ್ಲ. 1948ರಲ್ಲಿ ಅಕ್ಕಲಕೋಟೆ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವ ತನಕ ಆಯುಧಗಳು ಒಂದೇ ಮನೆತನದ ಸೂರಿನಡಿ ಇದ್ದವು. ಅದಕ್ಕೇ ಇವಕ್ಕೆ ಇಷ್ಟು ಬೆಲೆ.

ಹೀಗೆ ಉಳಿದದ್ದನ್ನು ಓದುವುದಕ್ಕೆ ಕ್ಯಾಮೆರಾ ಬೇಕು. ಗೋಡೆಯ ಮೇಲಿನ ಕತ್ತಿಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಚಿತ್ರದಿಂದ ಕತ್ತಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಆಯುಧದ ಚಿತ್ರವೆಂದರೆ ಅದೊಂದು ದಾಖಲೆ. ಲಾರ್ಡ್ ಎಗರ್ಟನ್ 1880ರಲ್ಲಿ ಭಾರತದ ಆಯುಧಗಳ ಕೈಪಿಡಿ ಮಾಡಿದಾಗ ಕಲಾವಿದರು ಗೆರೆ ಎಳೆದು ಬರೆದ ಚಿತ್ರಗಳನ್ನು ನೆಚ್ಚಿದ್ದ. ನೂರು ವರ್ಷಗಳಾಚೆ ಜಿ.ಎನ್. ಪಂತ್ ಸಂಪುಟಗಳನ್ನು ಬರೆದರು, ಆಮೇಲೆ ರಾಬರ್ಟ್ ಎಲ್ಗುಡ್ ದಕ್ಷಿಣದ ಆಯುಧಗಳ ಮೇಲೆ ದೊಡ್ಡ ಪುಸ್ತಕ ಮಾಡಿದರು. ಅವರೆಲ್ಲರ ಕಣ್ಣಿಗೆ ಬೀಳದೆ ಉಳಿದ ಸಣ್ಣ ಸಂಸ್ಥಾನಗಳ ಆಯುಧಗಳು ಇನ್ನೂ ಎಷ್ಟೋ ಇವೆ. ಅವುಗಳ ಪಟ್ಟಿ ತಯಾರಾಗುವುದು ತಾಳ್ಮೆಯುಳ್ಳ ಪ್ರವಾಸಿಗರಿಂದಲೇ.

ಯಾವುದಾದರೂ ದಂಡಪಟ್ಟಾದ ಮುಂದೆ ನಿಲ್ಲಿ. ಮರಾಠಾ ಶಸ್ತ್ರಾಗಾರವೆಂದ ಮೇಲೆ ಕಣ್ಣು ಮೊದಲು ಹುಡುಕುವ ಆಯುಧ ಅದೇ. ಮುಂಗೈಯನ್ನು ಮುಚ್ಚುವ ಉಕ್ಕಿನ ಕೈಗವಚ, ಅದರ ತುದಿಯಿಂದ ನೆಟ್ಟಗೆ ಮುಂದೆ ಚಾಚಿದ ಉದ್ದನೆಯ ಅಲಗು. ಎದುರಿನಿಂದ ತೆಗೆದ ಚಿತ್ರದಲ್ಲಿ ಇಷ್ಟು ಸಿಗುತ್ತದೆ. ಈಗ ಒಂದು ಬದಿಗೆ ಸರಿದು, ಬಗ್ಗಿ, ಕೈಗವಚದ ಒಳಗೆ ನೋಡಿ. ಕಟಾರಿಯಲ್ಲಿ ಇರುವ ಹಾಗೆ ಅಡ್ಡ ಹಿಡಿ ಇರುತ್ತದೆ, ಮೊಣಕೈಯ ಕಡೆಗೆ ತೋಳನ್ನು ಬಿಗಿಯುವ ಪಟ್ಟಿ ಇರುತ್ತದೆ. ಮಣಿಕಟ್ಟು ತಿರುಗುವುದಿಲ್ಲವಾದ್ದರಿಂದ ಇಡೀ ತೋಳನ್ನೇ ಬೀಸಬೇಕು. ಪಟ್ಟಾ ತಿರುಗಿಸುವವರು ಮೈಯನ್ನೇ ಗಿರಗಿರನೆ ಸುತ್ತಿಸುವುದು ಏಕೆಂದು ಆ ಒಳಹಿಡಿಯ ಚಿತ್ರ ಹೇಳುತ್ತದೆ. ಆಮೇಲೆ ಅಲಗಿನ ಬುಡಕ್ಕೆ ಬನ್ನಿ. ಕೈಗವಚದಿಂದ ಹೊರಟ ಎರಡು ಚಾಚುಪಟ್ಟಿಗಳು ಅಲಗನ್ನು ಎರಡೂ ಕಡೆ ಅಪ್ಪಿರುತ್ತವೆ, ಮೊಳೆ ಬಡಿದು ಕೂಡಿಸಿರುತ್ತಾರೆ. ಅಲಗಿನ ನಡುವೆ ಉದ್ದಕ್ಕೆ ಹರಿದ ಕಾಲುವೆಗಳಿದ್ದರೆ ಅದರೊಳಗೆ ಬೆಳಕು ಓರೆಯಾಗಿ ಬೀಳುವಂತೆ ನಿಂತುಕೊಳ್ಳಿ. ಎಷ್ಟೋ ಪಟ್ಟಾಗಳ, ನೆಟ್ಟನೆಯ ಕತ್ತಿಗಳ ಅಲಗು ಯುರೋಪಿನದು. ಜರ್ಮನಿಯ ಸೋಲಿಂಗನ್ ಊರಿನ ಅಲಗುಗಳು ಪೋರ್ಚುಗೀಸರ ಹಡಗುಗಳಲ್ಲೂ ಆಮೇಲೆ ಬಂದ ವರ್ತಕರ ಮೂಲಕವೂ ಪಶ್ಚಿಮ ಕರಾವಳಿಗೆ ಇಳಿದು, ಘಟ್ಟ ಹತ್ತಿ ಬಂದು, ಇಲ್ಲಿನ ಕಮ್ಮಾರರ ಕೈಯಲ್ಲಿ ಇಲ್ಲಿನ ಹಿಡಿ ತೊಟ್ಟವು. ನಮ್ಮವರು ಫಿರಂಗಿ ಎಂದದ್ದು ಅಂಥ ಕತ್ತಿಯನ್ನು. ಕಾಲುವೆಯೊಳಗೆ ಓಡುವ ತೋಳದ ಗುರುತೋ, ಕುಡುಗೋಲಿನ ಆಕಾರದ ಜೋಡಿ ಗೆರೆಯೋ, ಲ್ಯಾಟಿನ್ ಅಕ್ಷರದ ಹೆಸರೋ ಕಂಡರೆ ಅಲ್ಲಿಗೇ ಖುಷಿಪಡಬೇಡಿ. ಆಂಡ್ರಿಯಾ ಫೆರಾರ ಎಂಬ ಹೆಸರಿಗೆ ಎಷ್ಟು ಮಾನವಿತ್ತೆಂದರೆ ಅದನ್ನು ಯುರೋಪಿನಲ್ಲೇ ಬೇರೆಯವರು ಕೆತ್ತುತ್ತಿದ್ದರು, ಇಲ್ಲಿಯೂ ಅಂಥ ಗುರುತುಗಳ ನಕಲು ನಡೆದಿತ್ತು. ಗುರುತಿನ ಗೆರೆ ಎಷ್ಟು ಆಳ, ಅಕ್ಷರ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದೇ ಅಸಲು ನಕಲು ತೀರ್ಮಾನಿಸುವ ಸುಳುಹು. ಅದಕ್ಕೆ ಸ್ಪಷ್ಟವಾದ ಸಮೀಪಚಿತ್ರ ಬೇಕು, ಆ ಗುರುತು ಅಲಗಿನ ಯಾವ ಜಾಗದಲ್ಲಿದೆ ಎಂದು ತೋರಿಸುವ ದೂರದ ಚಿತ್ರವೂ ಬೇಕು. ಒಂದಿಲ್ಲದೆ ಇನ್ನೊಂದು ಉಪಯೋಗಕ್ಕೆ ಬರುವುದಿಲ್ಲ.

ಸಣ್ಣ ಗುರುತು ಎಷ್ಟು ದೊಡ್ಡ ಕತೆ ಹೇಳಬಲ್ಲದು ಎಂಬುದಕ್ಕೆ ಬಿಕಾನೇರದ ಕೋಟೆಗೆ ಹೋಗಬೇಕು. 17ನೇ ಶತಮಾನದ ಕೊನೆಯಲ್ಲಿ ಮೊಗಲರ ದಂಡಿನಲ್ಲಿದ್ದ ಮಹಾರಾಜ ಅನೂಪ್ ಸಿಂಹ ಬಳ್ಳಾರಿಯಾಚೆಯ ಆದವಾನಿ ಕೋಟೆ ಬಿದ್ದಾಗ ಅಲ್ಲಿನ ಆಯುಧಗಳನ್ನು ಮರುಭೂಮಿಗೆ ಸಾಗಿಸಿದ. ಅವುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದು ಆದವಾನಿಯ ಹೆಸರು ದಾಖಲಿಸಿದ್ದಾರೆ. ದಖ್ಖನ್ನಿನ ಕತ್ತಿ, ಕಟಾರಿಗಳ ಕಾಲನಿರ್ಣಯಕ್ಕೆ ವಿದ್ವಾಂಸರು ಇಂದಿಗೂ ಆ ಚುಕ್ಕಿಗಳನ್ನೇ ಆಧಾರವಾಗಿ ಹಿಡಿಯುತ್ತಾರೆ. ನಮ್ಮ ನೆಲದ ಆಯುಧಗಳ ಇತಿಹಾಸ ರಾಜಸ್ಥಾನದಲ್ಲಿ ಹೀಗೆ ಭದ್ರವಾಗಿ ಕೂತಿದೆ.

ಇನ್ನು ಕೆಲಸದ ಮಾತು. ಖಾಸಗಿ ಅರಮನೆಯಾಗಲಿ ಸರ್ಕಾರಿ ವಸ್ತುಸಂಗ್ರಹಾಲಯವಾಗಲಿ, ಕ್ಯಾಮೆರಾ ಹೊರತೆಗೆಯುವ ಮೊದಲು ಅಲ್ಲಿಯವರನ್ನು ಕೇಳಬೇಕು. ಬೇಡವೆಂದರೆ ಅದು ಅವರ ಮನೆ, ಅವರ ಮಾತು. ಅಂಥ ಕಡೆ ಪೆನ್ಸಿಲ್ಲು, ನೋಟ್‌ಬುಕ್ಕು ಸಾಕು, ಹಿಡಿಯ ಆಕಾರವನ್ನು ಬರೆದುಕೊಳ್ಳಬಹುದು. ಒಪ್ಪಿಗೆ ಸಿಕ್ಕರೂ ಫ್ಲ್ಯಾಶ್ ಬೇಡ. ಅದು ಗಾಜಿಗೂ ಉಕ್ಕಿಗೂ ಬಡಿದು ಬಿಳಿ ಮಚ್ಚೆಯಾಗಿ ವಾಪಸಾಗುತ್ತದೆಯೇ ಹೊರತು ಚಿತ್ರಕ್ಕೇನೂ ಸೇರಿಸುವುದಿಲ್ಲ. ಟ್ರೈಪಾಡಿಗೆ ಬಹಳ ಕಡೆ ಬೇರೆ ಅನುಮತಿಯೇ ಬೇಕು. ಆದ್ದರಿಂದ ಐಎಸ್ಒ ಏರಿಸಿ, ಕಂಬಕ್ಕೋ ಗೋಡೆಗೋ ಒರಗಿ, ಉಸಿರು ಹಿಡಿದು ತೆಗೆಯಬೇಕು.

ದೊಡ್ಡ ಶತ್ರು ಗಾಜು. ಕಪಾಟಿನ ಎದುರಿನ ಕಿಟಕಿ, ಮೇಲಿನ ಟ್ಯೂಬ್‌ಲೈಟು, ನಿಮ್ಮ ಬಿಳಿ ಅಂಗಿ, ಎಲ್ಲವೂ ಕತ್ತಿಯ ಮೇಲೆ ಕೂತುಬಿಡುತ್ತವೆ. ಕಪ್ಪು ಅಂಗಿ ತೊಟ್ಟು ಹೋದರೆ ಅರ್ಧ ಸಮಸ್ಯೆ ತೀರಿತು. ಲೆನ್ಸಿನ ಬಾಯಿಗೆ ರಬ್ಬರ್ ಹುಡ್ ಹಾಕಿ ಗಾಜಿಗೆ ಮೆಲ್ಲಗೆ ಒತ್ತಿ ಹಿಡಿದರೆ ಹೊರಗಿನ ಬೆಳಕು ನುಸುಳುವುದಿಲ್ಲ. ಪೋಲರೈಸರ್ ಫಿಲ್ಟರ್ ಇದ್ದವರು ಗಾಜಿನ ಮೇಲ್ಮೈಗೆ 30-35 ಡಿಗ್ರಿ ಓರೆಯಲ್ಲಿ ನಿಂತು ಅದನ್ನು ತಿರುಗಿಸಿದರೆ ಗಾಜಿನ ಪ್ರತಿಫಲನ ಹೆಚ್ಚುಕಡಿಮೆ ಮಾಯವಾಗುತ್ತದೆ. ಆದರೆ ಅದೇ ಫಿಲ್ಟರ್ ಉಕ್ಕಿನ ಹೊಳಪನ್ನು ತಗ್ಗಿಸುವುದಿಲ್ಲ. ಲೋಹದಿಂದ ಹಿಮ್ಮರಳುವ ಬೆಳಕಿನ ಸ್ವಭಾವವೇ ಬೇರೆ. ಹೊಳಪು ಕಣ್ಣು ಕುಕ್ಕುತ್ತಿದ್ದರೆ ನಿಂತ ಜಾಗ ಬದಲಿಸುವುದೊಂದೇ ದಾರಿ. ಕತ್ತಿಯನ್ನಂತೂ ತಿರುಗಿಸುವ ಹಾಗಿಲ್ಲ, ನಾವೇ ತಿರುಗಬೇಕು. ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಬಂದರೆ ಅದು ದೀಪದ ಮಿಣುಕು. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಹತ್ತಿರ ಹೋಗಿ ಅಗಲ ಲೆನ್ಸಿನಲ್ಲಿ ತೆಗೆಯುವ ಬದಲು ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟಿನ ಲೆನ್ಸ್ ಬಳಸಲಿ. ಅಗಲ ಲೆನ್ಸು ಕತ್ತಿಯ ಡೊಂಕನ್ನು ಕೆಡಿಸುತ್ತದೆ, ಕತ್ತಿಯ ವಿಚಾರದಲ್ಲಿ ಡೊಂಕೇ ಮುಖ್ಯ ಸಾಕ್ಷಿ.

ಕೆಲವು ಅಲಗುಗಳ ಮೇಲೆ, ಬೆಳಕು ಸರಿಯಾಗಿ ಬಿದ್ದರೆ, ಹರಿಯುವ ನೀರಿನಂಥ ವಿನ್ಯಾಸ ಏಳುತ್ತದೆ. ಮೂಸೆಯಲ್ಲಿ ಕಬ್ಬಿಣ, ಇದ್ದಿಲಿನಂಥ ಪದಾರ್ಥಗಳನ್ನು ಮುಚ್ಚಿ ಕಾಯಿಸಿ ದಕ್ಷಿಣ ಭಾರತದ ಕಮ್ಮಾರರು ಮಾಡುತ್ತಿದ್ದ ಉಕ್ಕಿನ ಗುಣ ಅದು. ಇಂಗಾಲ ಹೆಚ್ಚಿರುವ ಕಣಗಳು ಪದರ ಪದರವಾಗಿ ಕೂತು ಈ ವಿನ್ಯಾಸ ಮೂಡುತ್ತದೆ. ಎದುರು ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ, ಬರೀ ಬೂದು ಉಕ್ಕಾಗಿ ತೋರುತ್ತದೆ. ಕಿಟಕಿಯ ಬೆಳಕು ಅಲಗಿನ ಮೇಲೆ ತೀರ ಓರೆಯಾಗಿ ಜಾರುವ ಹೊತ್ತನ್ನು ಕಾಯಬೇಕು.

ಮರೆಯಬಾರದ್ದು ಚೀಟಿ. ಆಯುಧದ ಚಿತ್ರಕ್ಕೆ ಮೊದಲು ಅದರ ಪಕ್ಕದ ಹೆಸರಿನ ಚೀಟಿಯನ್ನೂ ಸಂಖ್ಯೆಯನ್ನೂ ಒಂದು ಸಲ ಕ್ಲಿಕ್ಕಿಸಿಕೊಳ್ಳಿ. ಕಾಗದವಿಲ್ಲದ ಆಯುಧದ ಪಾಡೇನೆಂದು ಲಂಡನ್ನಿನಿಂದ 2024ರ ಜುಲೈನಲ್ಲಿ ಸಾತಾರೆಯ ವಸ್ತುಸಂಗ್ರಹಾಲಯಕ್ಕೆ ಮೂರು ವರ್ಷದ ಎರವಲಿನ ಮೇಲೆ ಬಂದ ವ್ಯಾಘ್ರನಖವನ್ನು ನೋಡಿ ತಿಳಿಯಬಹುದು. ಸಾತಾರೆಯಲ್ಲಿ ರೆಸಿಡೆಂಟ್ ಆಗಿದ್ದ ಜೇಮ್ಸ್ ಗ್ರಾಂಟ್ ಡಫ್ ಅದನ್ನು ಸ್ಕಾಟ್ಲೆಂಡಿಗೆ ಒಯ್ದಿದ್ದ. ಅಲ್ಲಿ ಮಾಡಿಸಿದ ಪೆಟ್ಟಿಗೆಯ ಮೇಲಿನ ಬರಹ ಅದನ್ನು ಶಿವಾಜಿ ಮಹಾರಾಜರದ್ದೆನ್ನುತ್ತದೆ. ಅದನ್ನು ಖಚಿತಪಡಿಸಲು ಆಗುವುದಿಲ್ಲ ಎಂದು ಲಂಡನ್ನಿನ ಸಂಗ್ರಹಾಲಯವೇ ಹೇಳಿದೆ. ಸಾತಾರೆಯ ಜಹಗೀರುದಾರರೊಡನೆ ಕಂಪನಿ ಒಪ್ಪಂದಗಳನ್ನು ಮಾಡಿಕೊಂಡದ್ದು ಇದೇ ಗ್ರಾಂಟ್ ಡಫ್‌ನ ಕಾಲದಲ್ಲಿ, 1820ರಲ್ಲಿ. ಅಕ್ಕಲಕೋಟೆಯೂ ಆ ಜಹಗೀರುಗಳಲ್ಲೊಂದು. ಅಕ್ಕಲಕೋಟೆಯ ಆಯುಧಗಳು ಮಾತ್ರ ಊರು ಬಿಟ್ಟು ಹೋಗಲಿಲ್ಲ, ಅವು ಯಾವ ಮನೆಯವು ಎಂಬುದರ ಬಗ್ಗೆ ತಕರಾರೇ ಇಲ್ಲ. ಇಂಥ ಅನುಕೂಲ ಎಷ್ಟೋ ದೊಡ್ಡ ಸಂಗ್ರಹಾಲಯಗಳಿಗೂ ಇಲ್ಲ. ಅದಕ್ಕೇ ಇಲ್ಲಿ ಚಿತ್ರ ತೆಗೆಯಲು ಒಪ್ಪಿಗೆ ಸಿಕ್ಕವರು ಮನೆಗೆ ಹೋದ ಮೇಲೆ ಎಲ್ಲವನ್ನೂ ಕ್ರಮವಾಗಿ ಜೋಡಿಸಿ, ತಾರೀಖು ಹಾಕಿ, ಒಂದು ಪ್ರತಿಯನ್ನು ಅಲ್ಲಿಯವರಿಗೇ ಕಳಿಸಬೇಕು ಎಂದು ನಾನು ಹೇಳುತ್ತೇನೆ. ತುಕ್ಕು ಎಲ್ಲಿ ಹೊಸದಾಗಿ ಹತ್ತಿದೆ, ಯಾವ ಒರೆಯ ಮಖಮಲ್ಲು ಹರಿದಿದೆ ಎಂದು ಮುಂದಿನ ವರ್ಷ ತಾಳೆ ನೋಡಲು ಅದು ಒದಗುತ್ತದೆ.

ಖಂಡೇನವಮಿಯ ಆಸುಪಾಸಿನಲ್ಲಿ ಹೋದರೆ ಹಳೆಯ ಮನೆತನಗಳ ಆಯುಧಗಳಿಗೆ ಕುಂಕುಮ, ಭಂಡಾರ, ಹೂವು ಏರಿರುತ್ತವೆ. ಅದನ್ನು ಸರಿಸಿ ತೆಗೆಯಲು ಕೇಳಬೇಡಿ. ಪೂಜೆಗೊಳ್ಳುವ ಕತ್ತಿ ಎಂಬುದೂ ದಾಖಲೆಯೇ.

ಹಿಂತಿರುಗುವಾಗ ಸೊಲ್ಲಾಪುರದಿಂದ ನೂರು ಕಿಲೋಮೀಟರಿನ ವಿಜಯಪುರಕ್ಕೆ ಇಳಿದರೆ ಪಾಠ ಪೂರ್ತಿಯಾಗುತ್ತದೆ. ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿಗೆ ಗಾಜಿನ ಕಾಟವಿಲ್ಲ, ತೆರೆದ ಆಕಾಶವಿದೆ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಈ ಕಂಚಿನ ತೋಪು ಪರಾಂಡೆಯ ಕೋಟೆಯಲ್ಲಿದ್ದು, 1632ರಲ್ಲಿ ಇಲ್ಲಿಗೆ ಬಂತು. ಬ್ರಿಟಿಷರು 1854ರಲ್ಲಿ ಹಳೇ ಲೋಹವೆಂದು ಹರಾಜಿಗಿಟ್ಟಾಗ ಬಂದ ಕೂಗು ಬರೀ 150 ರೂಪಾಯಿ, ಆಮೇಲೆ ಮಾರುವ ಯೋಚನೆ ಬಿಟ್ಟರು. ಬೆಳಗ್ಗೆ ಎಂಟರೊಳಗೆ ಹೋಗಿ. ಬಿಸಿಲು ಏರಿದ ಮೇಲೆ ಕಂಚು ಹೊಳೆದು ಅಕ್ಷರಗಳು ಅಳಿಸಿದಂತಾಗುತ್ತವೆ. ಎಲ್ಲರೂ ಆನೆಯನ್ನು ಜಗಿಯುತ್ತಿರುವ ಸಿಂಹದ ಬಾಯಿಯನ್ನು ತೆಗೆದು ಇಳಿದುಬಿಡುತ್ತಾರೆ. ನೀವು ಮೇಲಿನ ಶಾಸನಗಳನ್ನು ಒಂದೊಂದಾಗಿ ತೆಗೆಯಿರಿ. ಎರಕದವನ ಹೆಸರಿರುವುದು ಒಂದು, ವಿಜಯಪುರ ಗೆದ್ದ ಮೇಲೆ ಔರಂಗಜೇಬ ಕೆತ್ತಿಸಿದ್ದು ಇನ್ನೊಂದು. ಎರಡರ ಅಕ್ಷರದ ಆಳ, ಅಂಚುಗಳನ್ನು ಹೋಲಿಸಿ ನೋಡಲು ಎರಡನ್ನೂ ಒಂದೇ ದೂರದಿಂದ, ಒಂದೇ ಬೆಳಕಿನಲ್ಲಿ ತೆಗೆಯುವುದು ಒಳ್ಳೆಯದು.