ತೆರೆಯದ ಫೈಲು: ಪರಿವರ್ತಿಸುವ ಮುನ್ನ ತಿಳಿಯಬೇಕಾದ ಅಂಶಗಳು

ಬೆಳೆಹಾನಿಯ ಅರ್ಜಿ, ಬ್ಯಾಂಕಿನ ಸಾಲ, ಸಹಕಾರ ಸಂಘದ ಲೆಕ್ಕಪತ್ರ ಮುಂತಾದ ಕೆಲಸಗಳಿಗೆ ರೈತ ಬಾಂಧವರು ಇಂದು ಮೊಬೈಲು ಇಲ್ಲವೆ ಕಂಪ್ಯೂಟರನ್ನು ಅವಲಂಬಿಸಿದ್ದಾರೆ. ಕೆಲವೊಮ್ಮೆ ನಾವು ಕಳುಹಿಸಿದ ಚಿತ್ರವನ್ನು ಜಾಲತಾಣವು ಒಪ್ಪುವುದಿಲ್ಲ. ನಮಗೆ ಬಂದ ಫೈಲು ತೆರೆಯುವುದಿಲ್ಲ. ಆಗ ಅಂತರಜಾಲದಲ್ಲಿ ಪುಕ್ಕಟೆಯಾಗಿ ಸಿಗುವ ಪರಿವರ್ತಕಗಳನ್ನು ಬಳಸುವುದು ರೂಢಿ. ಇವು ಉಪಯುಕ್ತವೇ, ಆದರೆ ಅರಿಯದೆ ಬಳಸಿದಲ್ಲಿ ನಷ್ಟವೂ ಉಂಟು.

ಫೈಲಿನ ಬಗೆ

ಬೀಜದ ಚೀಲದ ಮೇಲೆ ತಳಿಯ ಹೆಸರಿರುವಂತೆ, ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಅದರ ಬಗೆಯನ್ನು ಸೂಚಿಸಿರುತ್ತದೆ. ಜೆಪಿಜಿ, ಪಿಡಿಎಫ್ ಎಲ್ಲರಿಗೂ ಪರಿಚಿತ. ಎಚ್‌ಇಐಸಿ ಅಷ್ಟು ಪರಿಚಿತವಲ್ಲ. ಕಡಿಮೆ ಜಾಗ ಸಾಕೆಂಬ ಕಾರಣಕ್ಕೆ 2017ರಿಂದ ಐಫೋನುಗಳಲ್ಲಿ ಇದು ಬಳಕೆಗೆ ಬಂದಿತು. ಹೆಸರಿನ ಕೊನೆಯನ್ನು ತಿದ್ದಿ ಜೆಪಿಜಿ ಎಂದು ಬರೆದ ಮಾತ್ರಕ್ಕೆ ಫೈಲು ಬದಲಾಗದು. ಚೀಲದ ಚೀಟಿ ಬದಲಿಸಿದರೆ ಒಳಗಿನ ಬೀಜ ಬದಲಾದೀತೇ?

ಮೊದಲು ಸ್ವಂತ ಯಂತ್ರದಲ್ಲಿ

ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ನಂತರ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಎಂಬುದನ್ನು ಆರಿಸಿದಲ್ಲಿ ಮುಂದೆ ತೆಗೆಯುವ ಚಿತ್ರಗಳು ಜೆಪಿಜಿಯಲ್ಲೇ ಉಳಿಯುತ್ತವೆ. ಪರಿವರ್ತನೆಯ ಗೊಡವೆಯೇ ಇಲ್ಲ. ವರ್ಡ್‌ಪರ್ಫೆಕ್ಟ್, ಮೈಕ್ರೋಸಾಫ್ಟ್ ವರ್ಕ್ಸ್, ಪೇಜ್‌ಮೇಕರಿನ ಕೆಲವು ಆವೃತ್ತಿಗಳ ಹಳೆಯ ಫೈಲುಗಳನ್ನು ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ತಂತ್ರಾಂಶದಿಂದ ತೆರೆಯಬಹುದು.

ಜಾಲದ ಪರಿವರ್ತಕಗಳು

ರಾಗಿ ಬೀಸಲು ಗಿರಣಿಗೆ ಹೋದಾಗ ನಾವು ಎದುರಿಗೇ ನಿಂತಿರುತ್ತೇವೆ. ಇಲ್ಲಿ ಗಿರಣಿ ಎಲ್ಲಿದೆ, ನಡೆಸುವವರು ಯಾರು ಎಂಬುದೇ ತಿಳಿಯದು. ಬಹುತೇಕ ಪರಿವರ್ತಕಗಳಲ್ಲಿ ನಿಮ್ಮ ಫೈಲು ಬೇರೆಯವರ ಕಂಪ್ಯೂಟರಿಗೆ ಹೋಗಿ, ಅಲ್ಲಿ ಬದಲಾಗಿ ಹಿಂದಿರುಗುತ್ತದೆ. ಪುಕ್ಕಟೆ ಪರಿವರ್ತಕಗಳ ಸೋಗಿನಲ್ಲಿ ವಂಚಕರು ಕಂಪ್ಯೂಟರಿಗೆ ಹಾನಿಕಾರಕ ತಂತ್ರಾಂಶ ಸೇರಿಸುತ್ತಾರೆ, ಫೈಲಿನಲ್ಲಿರುವ ಗುರುತಿನ ಹಾಗೂ ಬ್ಯಾಂಕಿನ ವಿವರಗಳನ್ನು ಕದಿಯುತ್ತಾರೆ ಎಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿಯು 2025ರ ಮಾರ್ಚ್‌ನಲ್ಲಿ ಎಚ್ಚರಿಸಿತು. ಆದುದರಿಂದ ಆಧಾರ್, ಪಹಣಿ, ಪಾಸ್‌ಬುಕ್ಕಿನ ಪ್ರತಿಗಳನ್ನು ಇಂತಹ ತಾಣಗಳಿಗೆ ಕೊಡಲೇಬಾರದು.

ಕೆಲವು ಪರಿವರ್ತಕಗಳು ಫೈಲನ್ನು ಹೊರಗೆ ಕಳುಹಿಸದೆ ನಿಮ್ಮ ಯಂತ್ರದಲ್ಲೇ ಕೆಲಸ ಮಾಡುತ್ತವೆ. ಇದನ್ನು ಪರೀಕ್ಷಿಸಲು, ತಾಣ ಪೂರ್ತಿ ತೆರೆದ ಮೇಲೆ ಇಂಟರ್‌ನೆಟ್ ಸಂಪರ್ಕ ಕಡಿದು, ಮುಖ್ಯವಲ್ಲದ ಒಂದು ಚಿತ್ರವನ್ನು ಪರಿವರ್ತಿಸಿ ನೋಡಿ. ಆಗಲೂ ಕೆಲಸವಾದರೆ ಪರಿವರ್ತನೆ ನಿಮ್ಮಲ್ಲೇ ನಡೆಯುತ್ತಿದೆ ಎಂದರ್ಥ.

ಬಂದದ್ದನ್ನು ಓದಿ ನೋಡಿ

ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದುಂಟು. ನುಡಿ ಅಕ್ಷರಶೈಲಿಯಲ್ಲಿದ್ದ ಸಿಂಪರಣೆಯ ಹಳೆಯ ಕರಪತ್ರವೊಂದನ್ನು ಯೂನಿಕೋಡಿಗೆ ಬದಲಿಸಿ, ಓದಿ ನೋಡದೆ ರೈತರಿಗೆ ಕಳುಹಿಸಿದೆ. ಅದರಲ್ಲಿ ಇಂಗ್ಲಿಷಿನಲ್ಲಿದ್ದ ಔಷಧದ ಹೆಸರೂ ಅಳತೆಯೂ ಅರ್ಥವಿಲ್ಲದ ಅಕ್ಷರಗಳಾಗಿದ್ದವು. “ಇದು ಗ್ರಾಮೋ ಮಿಲಿಲೀಟರೋ, ಸ್ವಾಮಿ?” ಎಂದು ರೈತರೊಬ್ಬರು ಸಿಂಪಡಿಸುವ ಮುನ್ನ ದೂರವಾಣಿಯಲ್ಲಿ ಕೇಳಿದ್ದರಿಂದ ಪೈರು ಉಳಿಯಿತು.

ಇದಕ್ಕೆ ಕಾರಣವಿದೆ. ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಪರಿವರ್ತಿಸುವಾಗ ನಡುವೆ ಇರುವ ನಿಜವಾದ ಇಂಗ್ಲಿಷ್ ಪದವೂ ಕನ್ನಡವೆಂದೇ ಎಣಿಕೆಯಾಗುತ್ತದೆ. ಆ್ಯಂಡ್ ಎಂಬ ಪದವು “ಚಿಟಿಜ” ಎಂದಾಗಿರುವುದನ್ನು ಅನೇಕರು ನೋಡಿರಬಹುದು.

ಚಿತ್ರಗಳಲ್ಲಿಯೂ ನಷ್ಟವುಂಟು. ತೆಗೆದ ದಿನಾಂಕ ಮತ್ತು ಸ್ಥಳದ ವಿವರ ಮೂಲ ಫೈಲಿನೊಳಗೆ ಅಡಗಿರುತ್ತದೆ. ಪರಿವರ್ತನೆಯಲ್ಲಿ ಅದು ಅಳಿಸಿಹೋಗಬಹುದು. ಬೆಳೆಹಾನಿಯ ಚಿತ್ರಕ್ಕೆ ಈ ವಿವರವೇ ಸಾಕ್ಷಿ.

ನೆನಪಿಡಬೇಕಾದ ಅಂಶಗಳು

1. ಫೈಲಿನ ಬಗೆಯನ್ನು ಮೊದಲು ಗುರುತಿಸಿ.
2. ಸಾಧ್ಯವಾದಷ್ಟೂ ಸ್ವಂತ ಯಂತ್ರದಲ್ಲೇ ಪರಿವರ್ತಿಸಿ.
3. ಗುರುತು, ಜಮೀನು ಹಾಗೂ ಹಣದ ದಾಖಲೆಗಳನ್ನು ಅಪರಿಚಿತ ತಾಣಗಳಿಗೆ ಕೊಡಬೇಡಿ.
4. ಪರಿವರ್ತನೆಯ ನಂತರ ಅಂಕಿ, ಅಳತೆ, ಹೆಸರುಗಳನ್ನು ಮೂಲದೊಂದಿಗೆ ತಾಳೆ ನೋಡಿ.
5. ಮೂಲ ಫೈಲನ್ನು ಅಳಿಸಬೇಡಿ.

ಬೀಸಿದ ಹಿಟ್ಟು ಮತ್ತೆ ರಾಗಿಯಾಗದು. ಬಿತ್ತನೆಗೆ ಬೀಜ ಎತ್ತಿಡುವಂತೆ ಮೂಲ ಫೈಲನ್ನೂ ಎತ್ತಿಡಿ.