ಕೈಪಿಡಿಯಲ್ಲಿ ಇಲ್ಲದ್ದು ಬಿಲ್ಲಿನಲ್ಲಿ

ಕಾರು ಕೊಂಡು ವರ್ಷ ತುಂಬುವ ಹೊತ್ತಿಗೆ ಫೋನ್ ಬರುತ್ತದೆ: ‘ಸರ್, ನಿಮ್ಮ ಗಾಡಿಗೆ ಮೂರನೇ ಫ್ರೀ ಸರ್ವಿಸ್ ಡ್ಯೂ ಆಗಿದೆ, ಯಾವತ್ತಿಗೆ ಬುಕ್ ಮಾಡ್ಲಿ?’ ಫ್ರೀ ಎಂದ ಮೇಲೆ ಗಾಡಿ ಬಿಟ್ಟು ಬಂದರಾಯಿತು ಎಂದುಕೊಂಡವರು ಸಂಜೆ ಬಿಲ್ ನೋಡಿ ತಬ್ಬಿಬ್ಬಾಗುತ್ತಾರೆ. ಫ್ರೀ ಇರುವುದು ಲೇಬರ್ ಮಾತ್ರ. ಆಯಿಲ್, ಫಿಲ್ಟರ್, ಅವುಗಳ ಮೇಲಿನ ಜಿಎಸ್‌ಟಿ ಎಲ್ಲವೂ ಮಾಲೀಕರ ಖರ್ಚೇ. ಕಾರು ಮಾರುವ ದಿನ ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಮಾರುತಿ ಕಾರುಗಳ ಲೆಕ್ಕವನ್ನೇ ತೆಗೆದುಕೊಂಡರೆ, ಮೊದಲ ಸರ್ವಿಸ್ 1,000 ಕಿಲೋಮೀಟರ್ ಅಥವಾ ಒಂದು ತಿಂಗಳಿಗೆ, ಎರಡನೆಯದು 5,000 ಅಥವಾ ಆರು ತಿಂಗಳಿಗೆ, ಮೂರನೆಯದು 10,000 ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಅದು. ಮೊದಲೆರಡು ಹೆಚ್ಚುಕಡಿಮೆ ತಪಾಸಣೆ. ಮೂರನೆಯದರಲ್ಲಿ ಎಂಜಿನ್ ಆಯಿಲ್ ಬದಲಾಗುತ್ತದೆ. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರಿಗೊಮ್ಮೆ ದುಡ್ಡು ಕೊಟ್ಟು ಮಾಡಿಸುವ ಸರ್ವಿಸ್. ಮನೆಯ ಖರ್ಚಿನ ಪಟ್ಟಿಯಲ್ಲಿ ಶಾಲೆಯ ಫೀಸು, ವಿಮೆಯ ಕಂತಿನ ಜೊತೆ ಇದೂ ಒಂದು ಸಾಲಾಗಿ ಸೇರಿಕೊಳ್ಳುವುದು ಆಗಲೇ.

ಸಣ್ಣ ಪೆಟ್ರೋಲ್ ಕಾರೊಂದಕ್ಕೆ ಈ ವಾರ್ಷಿಕ ಸರ್ವಿಸ್‌ನಲ್ಲಿ ನಿಜಕ್ಕೂ ಬೇಕಾಗುವುದೆಷ್ಟು? ಮೂರು ಲೀಟರ್ ಆಸುಪಾಸು ಆಯಿಲ್, ಒಂದು ಆಯಿಲ್ ಫಿಲ್ಟರ್, ಆಯಿಲ್ ಇಳಿಸುವ ಬೋಲ್ಟಿಗೆ ಹೊಸದೊಂದು ವಾಷರ್. ಸಾಮಾನು ಒಂದೂವರೆಯಿಂದ ಎರಡು ಸಾವಿರ ರೂಪಾಯಿಯ ಸುತ್ತಮುತ್ತ ಮುಗಿಯುತ್ತದೆ. ಅದರ ಮೇಲೆ ಲೇಬರ್, ಚಕ್ರಗಳ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್. ಇಷ್ಟೇ ಆಗಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಗೊಂದಲ ಹುಟ್ಟುವುದು ಜಾಬ್ ಕಾರ್ಡ್ ತೆರೆಯುವ ಮೇಜಿನ ಬಳಿ. ಸರ್ವಿಸ್ ಅಡ್ವೈಸರ್ ಕೈಯಲ್ಲಿ ಟ್ಯಾಬ್ ಹಿಡಿದು ಕಾರನ್ನೊಂದು ಸುತ್ತು ಹಾಕುತ್ತಾರೆ, ಗೀರುಗಳ ಫೋಟೋ ತೆಗೆಯುತ್ತಾರೆ, ಪೆಟ್ರೋಲ್ ಎಷ್ಟಿದೆ ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಮಾತು ತಿರುಗುತ್ತದೆ. ‘ಥ್ರಾಟಲ್ ಬಾಡಿ ಕ್ಲೀನ್ ಮಾಡಿಸ್ಬಿಡಿ ಸರ್, ಪಿಕಪ್ ಚೆನ್ನಾಗಿ ಬರುತ್ತೆ.’ ‘ಎಸಿ ಇವಾಪರೇಟರ್ ಕ್ಲೀನಿಂಗ್ ಹಾಕ್ಲಾ ಮೇಡಂ, ಮಕ್ಕಳಿಗೆ ಡಸ್ಟ್ ಅಲರ್ಜಿ ಆಗಲ್ಲ.’ ಇಂಜೆಕ್ಟರ್ ಕ್ಲೀನರ್, ಎಂಜಿನ್ ಫ್ಲಶ್, ಎಂಜಿನ್ ಬೇಯಲ್ಲಿ ಪಾಲಿಶ್, ಇಲಿ ಓಡಿಸುವ ಸ್ಪ್ರೇ, ಅಂಡರ್‌ಬಾಡಿ ಕೋಟಿಂಗ್, ಟೆಫ್ಲಾನ್ ಕೋಟಿಂಗ್. ಒಂದೊಂದೂ ಐನೂರು, ಸಾವಿರ, ಒಂದೂವರೆ ಸಾವಿರ. ಕೋಟಿಂಗ್‌ಗಳು ಇನ್ನೂ ಮೇಲೆ. ನಾಲ್ಕಕ್ಕೆ ಹೂಂ ಅಂದರೆ ಸಾಕು, ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಇವೆಲ್ಲ ನಿಷ್ಪ್ರಯೋಜಕ ಎಂದು ಸಾರಾಸಗಟಾಗಿ ತಳ್ಳಿಹಾಕುವುದು ಸರಿಯಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರಿನ ತಳಕ್ಕೆ ತುಕ್ಕು ತಡೆಯುವ ಲೇಪನ ಉಪಯೋಗಕ್ಕೆ ಬಂದೀತು. ಎಸಿಯಿಂದ ಮುಗ್ಗಲು ವಾಸನೆ ಬರುತ್ತಿದ್ದರೆ ಇವಾಪರೇಟರ್ ತೊಳೆಸಬೇಕಾದೀತು. ಆದರೆ ತೊಂದರೆಯೇ ಇಲ್ಲದ ಗಾಡಿಗೆ, ವರ್ಷವರ್ಷವೂ, ಬಂದವರೆಲ್ಲರಿಗೂ ಒಂದೇ ಪಟ್ಟಿಯನ್ನು ಒಪ್ಪಿಸುವುದು ರೋಗ ನೋಡದೆ ಕೊಡುವ ಔಷಧಿ. ಇದಕ್ಕೆ ಒಂದೇ ಅಳತೆಗೋಲಿದೆ: ಕಾರಿನ ಜೊತೆ ಕೊಟ್ಟ ಓನರ್ಸ್ ಮ್ಯಾನ್ಯುಯಲ್. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ಶೂರೆನ್ಸ್ ಕಾಗದದ ಅಡಿ ಬಿದ್ದಿರುವ ಈ ಪುಸ್ತಕದಲ್ಲಿ ‘ಮೇಂಟೆನೆನ್ಸ್ ಶೆಡ್ಯೂಲ್’ ಎಂಬ ಕೋಷ್ಟಕವಿರುತ್ತದೆ. ಎಷ್ಟು ಕಿಲೋಮೀಟರಿಗೆ ಏನನ್ನು ಪರೀಕ್ಷಿಸಬೇಕು, ಯಾವುದನ್ನು ಶುಚಿ ಮಾಡಬೇಕು, ಯಾವುದನ್ನು ಬದಲಿಸಬೇಕು ಎಂದು ಕಾರು ತಯಾರಿಸಿದವರೇ ಬರೆದಿಟ್ಟ ಲೆಕ್ಕ ಅದು. ಮೇಲಿನ ಪಟ್ಟಿಯ ಬಹುಪಾಲು ಅಲ್ಲಿ ಇರುವುದಿಲ್ಲ.

ಅಲ್ಲಿ ಇರುವುದನ್ನು ನೋಡಿದರೆ ಕಣ್ಣು ತೆರೆಯುತ್ತದೆ. ಹಲವು ಮಾರುತಿ ಪೆಟ್ರೋಲ್ ಮಾದರಿಗಳಲ್ಲಿ ಏರ್ ಫಿಲ್ಟರನ್ನು ಬದಲಿಸಬೇಕಾದ್ದು 40,000 ಕಿಲೋಮೀಟರಿಗೆ. ನಡುವೆ ಧೂಳು ಊದಿ ಶುಚಿ ಮಾಡಿದರೆ ಸಾಕು. ಇರಿಡಿಯಂ ತುದಿಯ ಸ್ಪಾರ್ಕ್ ಪ್ಲಗ್‌ಗಳು ಲಕ್ಷ ಕಿಲೋಮೀಟರಿನವರೆಗೂ ಬಾಳುವಂಥವು. ಬ್ರೇಕ್ ಫ್ಲೂಯಿಡ್ ವಿಷಯ ಬೇರೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತೊತ್ತಿ ಕಾದಾಗ ಒಳಗೆ ಆವಿಯ ಗುಳ್ಳೆಗಳೆದ್ದು ಪೆಡಲ್ ಮೆತ್ತಗಾಗಿ ಕೆಳಗಿಳಿಯುವ ಅಪಾಯವಿದೆ. ಅದಕ್ಕೇ ಅನೇಕ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತವೆ. ದುಬಾರಿಯೇನಲ್ಲ, ವರ್ಕ್‌ಶಾಪಿಗೆ ಲಾಭವೂ ಹೆಚ್ಚಿಲ್ಲ. ಕೋಟಿಂಗ್, ಪಾಲಿಶ್‌ಗಳ ಗದ್ದಲದಲ್ಲಿ ಜೀವ ಕಾಯುವ ಈ ಕೆಲಸವೇ ಮರೆತುಹೋಗುವುದುಂಟು. ಗೊಂದಲದ ನಿಜವಾದ ನಷ್ಟ ಇದು. ಜೇಬಿಗೆ ಬೀಳುವ ಕತ್ತರಿಗಿಂತ ದೊಡ್ಡದು.

ಕೋಷ್ಟಕದ ಪಕ್ಕದಲ್ಲೇ ಇನ್ನೊಂದು ಕೋಷ್ಟಕ ಇರುವುದನ್ನೂ ಗಮನಿಸಬೇಕು. ಧೂಳಿನ ರಸ್ತೆ, ಕೆಲವೇ ಕಿಲೋಮೀಟರಿನ ಓಡಾಟ, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡಿಸುವ ಟ್ರಾಫಿಕ್ಕು ಇವನ್ನು ಕಂಪನಿಗಳು ‘ಕಠಿಣ ಬಳಕೆ’ ಎಂದು ಗುರುತಿಸಿ, ಆಯಿಲ್, ಫಿಲ್ಟರ್‌ಗಳಿಗೆ ಕಡಿಮೆ ಅಂತರ ಕೊಟ್ಟಿರುತ್ತವೆ. ಸಂಡೂರಿನ ಅದಿರು ಲಾರಿಗಳ ಹಿಂದೆ ದಿನವೂ ಓಡುವ ಕಾರಿಗೂ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ಸಾಗುವ ಕಾರಿಗೂ ಇದು ಅನ್ವಯಿಸುತ್ತದೆ. ಹೀಗಾಗಿ ಅಡ್ವೈಸರ್ ‘ಏರ್ ಫಿಲ್ಟರ್ ಹೋಗಿದೆ’ ಎಂದಾಗ ಅದು ಸುಳ್ಳೇ ಆಗಿರಬೇಕಿಲ್ಲ. ತೆಗೆದು ತೋರಿಸಿ ಎಂದು ಕೇಳಿದರೆ ಸಾಕು; ಬೆಳಕಿಗೆ ಹಿಡಿದರೆ ಫಿಲ್ಟರಿನ ಸ್ಥಿತಿ ಯಾರಿಗಾದರೂ ಕಾಣುತ್ತದೆ. ಎಸಿಯ ಕ್ಯಾಬಿನ್ ಫಿಲ್ಟರ್ ಅನ್ನಂತೂ ಬಹಳಷ್ಟು ಕಾರುಗಳಲ್ಲಿ ಮನೆಯಲ್ಲೇ ಬದಲಿಸಬಹುದು. ಎಡಗಡೆಯ ಗ್ಲೌವ್ ಬಾಕ್ಸ್ ಎರಡೂ ಬದಿ ಒಳಕ್ಕೆ ಒತ್ತಿದರೆ ಕೆಳಗೆ ಬಾಗುತ್ತದೆ, ಹಿಂದೆ ಪುಟ್ಟ ಮುಚ್ಚಳ, ಅದರೊಳಗೆ ಸ್ಲೇಟಿನಷ್ಟಗಲದ ಫಿಲ್ಟರ್. ಬಾಣದ ಗುರುತು ನೋಡಿಕೊಂಡು ಹೊಸದನ್ನು ತೂರಿಸಿದರೆ ಮುಗಿಯಿತು, ಸ್ಕ್ರೂಡ್ರೈವರ್ ಕೂಡ ಬೇಡ.

ಇಷ್ಟು ಒತ್ತಾಯವೇಕೆ? ಹೊಸ ಕಾರಿನ ಮಾರಾಟದಲ್ಲಿ ಡೀಲರಿಗೆ ಉಳಿಯುವುದು ಕಡಿಮೆ. ರಿಯಾಯಿತಿ ಕೊಟ್ಟ ಮೇಲೆ ಇನ್ನೂ ಕಡಿಮೆ. ಶೋರೂಮಿನ ಬಾಡಿಗೆ, ಸಂಬಳ, ಬಡ್ಡಿ ಎಲ್ಲದಕ್ಕೂ ವರ್ಕ್‌ಶಾಪಿನ ಆದಾಯವೇ ಆಧಾರ. ಕಾರಿಗೆ ಒಮ್ಮೆ ಬರುವ ಗ್ರಾಹಕ ಸರ್ವಿಸ್‌ಗೆ ಹತ್ತು ಸಲ ಬರುತ್ತಾನೆ. ಹಾಗಾಗಿ ಅಡ್ವೈಸರ್‌ಗಳಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ಹೆಚ್ಚುವರಿ ಕೆಲಸ ಹಿಡಿದರೆ ಇನ್ಸೆಂಟಿವ್ ಇರುತ್ತದೆ. ಡಿಪ್ಲೊಮಾ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಹುಡುಗನನ್ನು ವೈದ್ಯನ ಜಾಗದಲ್ಲಿ ಕೂರಿಸಿ, ಔಷಧಿ ಮಾರಿದಷ್ಟು ಸಂಬಳ ಎನ್ನುವ ಈ ಏರ್ಪಾಡೇ ತಪ್ಪು. ಅವನ ಮೇಲೆ ರೇಗುವುದರಿಂದ ಏನೂ ಆಗದು. ಅವನಿಗೆ ಟಾರ್ಗೆಟ್ ಕೊಟ್ಟವರು ಕೌಂಟರಿನಲ್ಲಿ ಕೂರುವುದಿಲ್ಲ.

ಮಾಲೀಕರನ್ನು ಶೋರೂಮಿಗೆ ಕಟ್ಟಿಹಾಕಿರುವ ಇನ್ನೊಂದು ಹಗ್ಗ ವಾರಂಟಿ. ‘ಹೊರಗೆ ಮಾಡಿಸಿದ್ರೆ ವಾರಂಟಿ ಹೋಗುತ್ತೆ ಸರ್’ ಎಂಬ ಮಾತು ಕೇಳದ ಕಾರು ಮಾಲೀಕರಿಲ್ಲ. ಈ ಪ್ರಶ್ನೆ ದೇಶದ ಮಟ್ಟದಲ್ಲಿ ವಿಚಾರಣೆಗೆ ಬಂದು, ತೀರ್ಪೂ ಆಗಿದೆ. 2011ರಲ್ಲಿ ಒಬ್ಬ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು: ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದು, ತಮ್ಮ ಡೀಲರುಗಳ ಬಳಿಗೇ ಹೋಗುವಂತೆ ಮಾಡಿವೆ ಎಂದು. ಮೂರು ಕಂಪನಿಗಳ ಮೇಲಿನ ದೂರು ತನಿಖೆ ನಡೆದಂತೆ ಇಡೀ ಉದ್ಯಮಕ್ಕೇ ಹಬ್ಬಿತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ವಿಧಿಸಿತು. ಟಾಟಾ ಮೋಟರ್ಸ್, ಮಾರುತಿ ಸುಜುಕಿ, ಮಹೀಂದ್ರ, ಹೋಂಡಾ, ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ಕಿರ್ಲೋಸ್ಕರ್ ಆ ಪಟ್ಟಿಯಲ್ಲಿದ್ದವು. ಅತಿ ದೊಡ್ಡ ಪಾಲು ಬಿದ್ದದ್ದು ಟಾಟಾ ಮೋಟರ್ಸ್ ಮೇಲೆ, ₹1,346 ಕೋಟಿ. ಮರುವರ್ಷ ಹ್ಯುಂಡೈಗೂ ₹420 ಕೋಟಿ ದಂಡ ಬಿತ್ತು. ಕಂಪನಿಗಳು ಮೇಲ್ಮನವಿ ಹೋದವು, ದಂಡದ ಮೊತ್ತದ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು.

ದಂಡಕ್ಕಿಂತ ಮುಖ್ಯವಾದದ್ದು ಆ ಆದೇಶದಲ್ಲಿದ್ದ ಸೂಚನೆಗಳು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕುವಂತಿಲ್ಲ. ಹೊರಗಿನ ಕೆಲಸದ ದೋಷದಿಂದಲೇ ಹಾನಿಯಾಗಿದ್ದರೆ, ಆ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಆಯೋಗ ಹೇಳಿತು. ಬಿಡಿಭಾಗಗಳ ಬೆಲೆಯನ್ನೂ ನಿರ್ವಹಣೆಯ ಖರ್ಚನ್ನೂ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು ಎಂದಿತು. ಬಿಡಿಭಾಗ ತಯಾರಿಸುವ ಕಂಪನಿಗಳು ಅವನ್ನು ಮುಕ್ತ ಮಾರುಕಟ್ಟೆಯಲ್ಲಿ ಮಾರಲು ಅಡ್ಡಿಪಡಿಸಬಾರದು ಎಂದಿತು. ಇದು ದೊಡ್ಡ ಮಾತು. ಕಾರಿನ ಕಂಪನಿ ತನ್ನ ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡುಗಳನ್ನು ಬಹುಮಟ್ಟಿಗೆ ತಾನೇ ತಯಾರಿಸುವುದಿಲ್ಲ. ಬೇರೆಯವರಿಂದ ಕೊಂಡು ತನ್ನ ಡಬ್ಬಿಯಲ್ಲಿ ಹಾಕುತ್ತದೆ. ಬೆಂಗಳೂರಿನವರು ಇವತ್ತಿಗೂ ಮೈಕೋ ಎಂದೇ ಕರೆಯುವ ಆಡುಗೋಡಿಯ ಬಾಷ್ ಅಂಥ ಸರಬರಾಜುದಾರರಲ್ಲಿ ಒಂದು. ಅದೇ ತಯಾರಕರ ಸಾಮಾನು ಅವರದೇ ಹೆಸರಿನ ಡಬ್ಬಿಯಲ್ಲಿ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದುಂಟು. ಆದರೆ ನಕಲಿಯೂ ಅದೇ ಸಾಲಿನಲ್ಲಿರುತ್ತದೆ. ಆದ್ದರಿಂದ ಜಿಎಸ್‌ಟಿ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಬೇಕು, ಬಿಲ್ಲನ್ನು ಕಾಪಾಡಿಕೊಳ್ಳಬೇಕು. ನಾಳೆ ವಾರಂಟಿಯ ಜಗಳ ಬಂದರೆ ಕೈಯಲ್ಲಿರುವ ಸಾಕ್ಷಿ ಆ ಕಾಗದವೇ.

ಹಾಗೆಂದು ಮೊದಲ ದಿನದಿಂದಲೇ ಶೋರೂಮಿಗೆ ಬೆನ್ನು ತಿರುಗಿಸಬೇಕು ಎಂದಲ್ಲ. ವಾರಂಟಿ ಇರುವಷ್ಟು ಕಾಲ ಅಲ್ಲೇ ಮಾಡಿಸಿದರೆ ವಾದಕ್ಕೆ ಎಡೆ ಇರುವುದಿಲ್ಲ. ತಯಾರಿಕೆಯ ದೋಷವಿದ್ದು ಕಂಪನಿ ಕಾರುಗಳನ್ನು ವಾಪಸ್ ಕರೆಸಿದರೆ ಆ ರಿಪೇರಿ ಪೂರ್ತಿ ಉಚಿತ, ಅದನ್ನು ಮಾಡುವುದು ಡೀಲರೇ. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಫಲವಾಗಿ 2021ರ ಏಪ್ರಿಲ್‌ನಿಂದ ಇಂಥ ರೀಕಾಲ್ ಮಾಡಿಸುವ ಅಧಿಕಾರ ಸರ್ಕಾರಕ್ಕೂ ಇದೆ. ಇನ್ನು ಬಿಎಸ್-6 ಡೀಸೆಲ್ ಕಾರು ಇದ್ದವರು ಆಯಿಲ್ ವಿಷಯದಲ್ಲಿ ರಾಜಿಯಾಗಲೇಬಾರದು. ಹೊಗೆಯ ಮಸಿ ಹಿಡಿಯುವ ಅದರ ಫಿಲ್ಟರಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಇನ್ನೂರು ರೂಪಾಯಿ ಉಳಿಸಲು ಯಾವುದೋ ಆಯಿಲ್ ಹಾಕಿಸಿದರೆ ಮುಂದೆ ದೊಡ್ಡ ಮೊತ್ತದ ಫಿಲ್ಟರ್ ಕಟ್ಟಿಕೊಂಡು ಕೂರುತ್ತದೆ. ಪೆಟ್ರೋಲ್ ಕಾರಿಗೂ 0ಡಬ್ಲ್ಯು-20 ಎಂದು ಕೈಪಿಡಿ ಹೇಳಿದ್ದರೆ ಅದೇ ಆಗಬೇಕು.

ಬಿಲ್ ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಗಾಡಿ ಬಿಡುವಾಗಲೇ ಎಸ್ಟಿಮೇಟ್ ಬರೆಸಿಕೊಂಡು, ‘ಕೇಳದೆ ಏನೂ ಸೇರಿಸಬೇಡಿ’ ಎಂದು ಜಾಬ್ ಕಾರ್ಡಿನಲ್ಲೇ ಬರೆಸುವುದು ಒಳ್ಳೆಯದು. ಆಯಿಲ್ ಎಷ್ಟು ಲೀಟರ್ ಎಂದು ಬಿಲ್ಲಿನಲ್ಲಿದೆಯೋ ಅದನ್ನು ಕೈಪಿಡಿಯ ಪ್ರಮಾಣದ ಜೊತೆ ಹೋಲಿಸಬೇಕು. ಬ್ಯಾಲೆನ್ಸಿಂಗ್‌ನಲ್ಲಿ ಚಕ್ರದ ಅಂಚಿಗೆ ಹಾಕುವ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ದುಡ್ಡು ಹಿಡಿಯುತ್ತಾರೆ. ಬಿಲ್ಲಿನಲ್ಲಿ 120 ಗ್ರಾಂ ಇದ್ದರೆ ನಾಲ್ಕು ಚಕ್ರ ಸುತ್ತಿ ಎಣಿಸಬಹುದು, ತುಂಡುಗಳ ಮೇಲೆ 5, 10, 15 ಎಂದು ಅಚ್ಚಾಗಿರುತ್ತದೆ. ‘ಕನ್ಸ್ಯೂಮಬಲ್ಸ್’ ಎಂಬ ಸಾಲಿನಲ್ಲಿ ಏನೇನು ಸೇರಿದೆ ಎಂದು ಕೇಳುವ ಹಕ್ಕು ದುಡ್ಡು ಕೊಡುವವರಿಗಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳೆಲ್ಲದರ ಮೇಲೂ ಜಿಎಸ್‌ಟಿ 18%. ಅದಕ್ಕೆ ಮುಂಚೆ ಹಲವಕ್ಕೆ 28% ಇತ್ತು. ಹಳೆಯ ದರ ಕಂಡರೆ ಅಲ್ಲೇ ತಡೆಯಬೇಕು. ತೆರಿಗೆ ಸೇರಿದ ಮೊತ್ತ ಡಬ್ಬಿಯ ಮೇಲಿನ ಎಂಆರ್‌ಪಿ ಮೀರುವಂತಿಲ್ಲ. ಬದಲಿಸಿದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿಡಿ ಎಂದು ಮೊದಲೇ ಹೇಳಿದ್ದರೆ, ಬದಲಾಗಿದೆಯೋ ಇಲ್ಲವೋ ಎಂಬ ಅನುಮಾನವೂ ಉಳಿಯುವುದಿಲ್ಲ.

ಮಾಡದ ಕೆಲಸಕ್ಕೆ ಬಿಲ್ ಹಾಕಿದ್ದರೆ ಮೊದಲು ವರ್ಕ್‌ಶಾಪ್ ಮ್ಯಾನೇಜರಿಗೆ, ಆಮೇಲೆ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದರಾಚೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಮೊತ್ತ ₹5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಉಳಿದಿರುವ ದೊಡ್ಡ ಕೆಲಸ ಹೊರಗಿನ ಗ್ಯಾರೇಜುಗಳದ್ದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು, ಮೊಬೈಲು, ಗೃಹೋಪಯೋಗಿ ವಸ್ತು, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರಲ್ಲಿವೆ. ಪೋರ್ಟಲ್‌ಗೆ ಸೇರುವುದು ಕಂಪನಿಗಳ ಇಚ್ಛೆಗೆ ಬಿಟ್ಟ ವಿಷಯವಾಗಿ ಉಳಿಯಬಾರದು. ಶಿರಸಿಯಲ್ಲೋ ಸಿಂಧನೂರಿನಲ್ಲೋ ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗೆ ಕೈಕೆಲಸ ಗೊತ್ತು. ಡ್ಯಾಶ್‌ಬೋರ್ಡಿನಲ್ಲಿ ಹತ್ತಿದ ದೀಪವೊಂದನ್ನು ಓದಿ ಆರಿಸಲು ಬೇಕಾದ ಕಂಪನಿಯ ಸಾಫ್ಟ್‌ವೇರ್ ಅವನ ಬಳಿ ಇಲ್ಲದ್ದರಿಂದ, ಗಿರಾಕಿಯನ್ನು ಹುಬ್ಬಳ್ಳಿಗೋ ರಾಯಚೂರಿಗೋ ಕಳಿಸುತ್ತಾನೆ. ದೋಷ ಪತ್ತೆಮಾಡುವ ಇಂಥ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೂ ಸುಲಭವಾಗಿ ಸಿಗುವಂತೆ ಮಾಡಿ ಎಂದು ಸ್ಪರ್ಧಾ ಆಯೋಗದ 2014ರ ಆದೇಶವೇ ಹೇಳಿತ್ತು.